ಜೇನಿನ ಕುಣಿತ ಮತ್ತು ಮನುಷ್ಯನ ಮಾತು

ಸೋಮಾರಿಗೆ ಬುದ್ಧಿ ಹೇಳಬೇಕಾಗಿ ಬಂದಾಗ ಜ್ಞಾನೋಕ್ತಿಗಳ ಗ್ರಂಥವು ಅವನನ್ನು ಪಂಡಿತರ ಬಳಿಗೆ ಕಳುಹಿಸುವುದಿಲ್ಲ. ಇರುವೆಯ ಬಳಿಗೆ ಕಳುಹಿಸುತ್ತದೆ. ಅದೇ ಗ್ರಂಥದ 30ನೆಯ ಅಧ್ಯಾಯವು ಅರಸನಿಲ್ಲದಿದ್ದರೂ ಸಾಲುಗಟ್ಟಿ ಸಾಗುವ ಮಿಡತೆಯನ್ನು ಭೂಮಿಯ ಮೇಲಿನ ಚಿಕ್ಕ, ಆದರೆ ಬಲು ವಿವೇಕವುಳ್ಳ ಜೀವಿಗಳ ಸಾಲಿಗೆ ಸೇರಿಸುತ್ತದೆ. ಇಸ್ರಯೇಲರಿಗೆ ನ್ಯಾಯತೀರ್ಮಾನ ಮಾಡುತ್ತಿದ್ದ ಪ್ರವಾದಿನಿ ದೆಬೋರಳ ಹೆಸರಿಗೆ ಹಿಬ್ರೂ ಭಾಷೆಯಲ್ಲಿ ಜೇನುನೊಣ ಎಂದೇ ಅರ್ಥ. ‘ಮಾತು’ ಎಂಬುದಕ್ಕೆ ಆ ಭಾಷೆಯಲ್ಲಿರುವ ‘ದಾಬಾರ್’ ಎಂಬ ಪದವನ್ನೂ ‘ದೆಬೋರಾ’ ಎಂಬ ಪದವನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ಎರಡರಲ್ಲಿಯೂ ಅದೇ ಮೂರು ವ್ಯಂಜನಗಳು ಕಾಣುತ್ತವೆ. ಇದರಿಂದ ನಾವು ಯಾವ ಸಿದ್ಧಾಂತವನ್ನೂ ಕಟ್ಟಹೊರಟಿಲ್ಲ. ಪವಿತ್ರ ಗ್ರಂಥಕ್ಕೆ ಕೀಟಗಳ ಬಗ್ಗೆ ತಾತ್ಸಾರವಿಲ್ಲ ಎಂಬುದಷ್ಟೇ ಇಲ್ಲಿ ಗಮನಿಸತಕ್ಕ ಸಂಗತಿ.

ತಾತ್ಸಾರವಾಗಲಿ ಅಂಜಿಕೆಯಾಗಲಿ ಇರುವುದು ನಮ್ಮಲ್ಲಿಯೇ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದುವ ಮಗನೋ ಮಗಳೋ ರಾತ್ರಿ ಜಪಸರ ಮುಗಿದು ಊಟಕ್ಕೆ ಕುಳಿತಾಗ ಒಂದು ಪ್ರಶ್ನೆ ಎತ್ತುವುದುಂಟು: “ಜೇನುನೊಣಕ್ಕೂ ಭಾಷೆಯಿದೆಯಂತೆ. ಹಾಗಾದರೆ ಮಾತು ಮನುಷ್ಯನ ಆತ್ಮದ ಗುರುತು ಎಂದು ಧರ್ಮೋಪದೇಶದ ತರಗತಿಯಲ್ಲಿ ಕಲಿಸಿದ್ದು ಸರಿಯೇ?” ಅನೇಕ ಮನೆಗಳಲ್ಲಿ ಇದಕ್ಕೆ ಸಿಗುವ ಉತ್ತರ ಗದರಿಕೆ. “ಅದೆಲ್ಲ ದೇವರಿಲ್ಲದವರ ಮಾತು, ಸುಮ್ಮನೆ ಊಟ ಮಾಡು” ಎಂದು ತಂದೆ ಹೇಳುತ್ತಾರೆ. ಮಗು ಸುಮ್ಮನಾಗುತ್ತದೆ, ಪ್ರಶ್ನೆ ಸುಮ್ಮನಾಗುವುದಿಲ್ಲ. ಧರ್ಮಸಭೆಯ ಬಳಿ ಇದಕ್ಕೆ ಉತ್ತರವೇ ಇಲ್ಲವೆಂದು ಆ ಯುವಮನಸ್ಸು ತನ್ನಷ್ಟಕ್ಕೆ ತೀರ್ಮಾನಿಸಿಕೊಂಡರೆ, ನಾಲ್ಕು ವರ್ಷಗಳ ತರುವಾಯ ಭಾನುವಾರದ ಬಲಿಪೂಜೆಯಲ್ಲಿ ಅದರ ಸ್ಥಾನ ತೆರವಾಗಿರುವುದಕ್ಕೆ ಆಶ್ಚರ್ಯಪಡಬೇಕಾಗಿಲ್ಲ. ಆದುದರಿಂದ ಈ ವಾರ ಈ ಪ್ರಶ್ನೆಯನ್ನು ಗದರಿಸದೆ ಎದುರಿಸೋಣ.

ಮೊದಲು ವಾಸ್ತವಾಂಶಗಳು. ಆಸ್ಟ್ರಿಯಾದ ವಿಯೆನ್ನಾದಲ್ಲಿ 1886ರಲ್ಲಿ ಜನಿಸಿ ಜರ್ಮನಿಯ ಮ್ಯೂನಿಕ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಕಾರ್ಲ್ ಫಾನ್ ಫ್ರಿಶ್ ಎಂಬವರು ತಮ್ಮ ಆಯುಷ್ಯದ ಬಹುಭಾಗವನ್ನು ಜೇನುನೊಣಗಳನ್ನು ನೋಡುವುದರಲ್ಲಿಯೇ ಕಳೆದರು. ಮಕರಂದವಿರುವ ಸ್ಥಳವನ್ನು ಕಂಡು ಗೂಡಿಗೆ ಮರಳಿದ ನೊಣವು ಎರಿಯ ಮೇಲೆ ಒಂದು ವಿಚಿತ್ರ ಕುಣಿತ ಕುಣಿಯುತ್ತದೆ. ನೆಟ್ಟಗೆ ಸ್ವಲ್ಪ ದೂರ ಒಡಲನ್ನು ಅತ್ತಿತ್ತ ಅಲುಗಾಡಿಸುತ್ತಾ ಸಾಗುತ್ತದೆ. ಬಲಕ್ಕೆ ಸುತ್ತಿ ಹೊರಟಲ್ಲಿಗೆ ಬರುತ್ತದೆ. ಪುನಃ ನೆಟ್ಟಗೆ ಸಾಗಿ ಈ ಬಾರಿ ಎಡಕ್ಕೆ ಸುತ್ತುತ್ತದೆ. ಹೀಗೆ 8ರ ಆಕಾರದಲ್ಲಿ ಮತ್ತೆ ಮತ್ತೆ. ಗೂಡಿನೊಳಗೆ ಕತ್ತಲೆ, ಎರಿಯು ಮೇಲಿನಿಂದ ಕೆಳಕ್ಕೆ ತೂಗುಬಿದ್ದಿರುತ್ತದೆ. ಆ ನೆಟ್ಟನೆಯ ನಡೆ ಮೇಲ್ಮುಖವಾಗಿದ್ದರೆ ಹೂವು ಸೂರ್ಯನ ದಿಕ್ಕಿನಲ್ಲಿದೆ ಎಂದು ಅರ್ಥ. ಮೇಲ್ಮುಖದಿಂದ 40 ಡಿಗ್ರಿ ಬಲಕ್ಕೆ ವಾಲಿದ್ದರೆ ಸೂರ್ಯನಿಂದ 40 ಡಿಗ್ರಿ ಬಲಕ್ಕೆ ಹಾರಬೇಕು. ಅಲುಗಾಟ ದೀರ್ಘವಾದಷ್ಟೂ ಹೂವು ದೂರ. ಯುರೋಪಿನ ಜೇನಿನಲ್ಲಿ ಒಂದು ಸೆಕೆಂಡಿನ ಅಲುಗಾಟವೆಂದರೆ ಸರಿಸುಮಾರು ಒಂದು ಕಿಲೋಮೀಟರ್. ಹೊತ್ತು ಕಳೆದಂತೆ ಸೂರ್ಯನು ಸರಿದರೆ ಕುಣಿತದ ಕೋನವೂ ಅದಕ್ಕೆ ತಕ್ಕಂತೆ ಸರಿಯುತ್ತದೆ.

ಫ್ರಿಶ್ ಮಹಾಶಯರು ಇದನ್ನು ಒಂದೇ ಬಾರಿಗೆ ಅರಿತವರಲ್ಲ. 1920ರ ದಶಕದಲ್ಲಿ ಅವರು ಒಂದು ಬಗೆಯ ಕುಣಿತವು ಮಕರಂದಕ್ಕೆ, ಇನ್ನೊಂದು ಬಗೆಯದು ಪರಾಗಕ್ಕೆ ಎಂದು ಬರೆದಿದ್ದರು. ಎರಡು ದಶಕಗಳ ಬಳಿಕ ತಮ್ಮ ವಿವರಣೆಯನ್ನು ತಾವೇ ಪರೀಕ್ಷಿಸಿ ತಿದ್ದಿಕೊಂಡರು. ಆ ನಡುವೆ 1941ರಲ್ಲಿ, ಅವರ ತಾಯಿಯ ಕಡೆಯ ಪೂರ್ವಜರಲ್ಲಿ ಯೆಹೂದ್ಯರಿದ್ದರೆಂಬ ಕಾರಣಕ್ಕೆ ನಾಜಿ ಸರಕಾರವು ಅವರನ್ನು ಹುದ್ದೆಯಿಂದ ತೆಗೆಯಲು ಮುಂದಾಯಿತು. ಅದೇ ವೇಳೆಗೆ ನೊಸೀಮಾ ಎಂಬ ರೋಗ ತಗಲಿ ದೇಶದ ಜೇನುಗಳು ಸಾಯತೊಡಗಿದ್ದವು. ಆ ಕೆಲಸಕ್ಕೆ ಅವರು ಬೇಕಾದುದರಿಂದ ಅವರನ್ನು ಉಳಿಸಿಕೊಳ್ಳಲಾಯಿತು. 1973ರಲ್ಲಿ ಕೊನ್ರಾಡ್ ಲೊರೆನ್ಸ್ ಮತ್ತು ನಿಕೊಲಾಸ್ ಟಿನ್‌ಬರ್ಗೆನ್ ಅವರೊಂದಿಗೆ ಫ್ರಿಶ್‌ರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಕುಣಿತವನ್ನು ಅನುಸರಿಸಿದ ನೊಣಗಳು ನಿಜಕ್ಕೂ ಅದು ಸೂಚಿಸಿದ ದಿಕ್ಕಿಗೇ ಹಾರುತ್ತವೆಯೋ, ಇಲ್ಲ ಕೇವಲ ವಾಸನೆ ಹಿಡಿದು ಹೋಗುತ್ತವೆಯೋ ಎಂಬ ವಿವಾದ ಬಹುಕಾಲ ನಡೆಯಿತು. 2005ರಲ್ಲಿ ಇಂಗ್ಲೆಂಡಿನಲ್ಲಿ ರಾಡಾರಿನ ಮೂಲಕ ಒಂದೊಂದು ನೊಣದ ಹಾರಾಟವನ್ನೂ ಗುರುತಿಸಿ ನೋಡಿದಾಗ ಅವು ಕುಣಿತದ ಸೂಚನೆಯಂತೆಯೇ ಹಾರಿದುದು ಸ್ಪಷ್ಟವಾಯಿತು.

ಇದು ಪರದೇಶದ ಕಥೆ ಮಾತ್ರವಲ್ಲ. ಫ್ರಿಶ್‌ರ ಶಿಷ್ಯ ಮಾರ್ಟಿನ್ ಲಿಂಡಾವರ್ 1950ರ ದಶಕದಲ್ಲಿ ಶ್ರೀಲಂಕೆಗೆ ಬಂದು ಹೆಜ್ಜೇನು, ತುಡುವೆ, ಕೋಲುಜೇನುಗಳನ್ನು ಅಭ್ಯಸಿಸಿದರು. ಈ ಮೂರೂ ನಮ್ಮ ಮಲೆನಾಡು ಕರಾವಳಿಗಳ ಜೇನುಗಳೇ. ಕೊಂಬೆಗೆ ಸಣ್ಣ ಎರಿ ಕಟ್ಟುವ ಕೋಲುಜೇನು ಎರಿಯ ಮೇಲ್ಭಾಗದ ಸಮತಟ್ಟಿನಲ್ಲಿ ಬಯಲು ಬೆಳಕಿನಲ್ಲಿ ಕುಣಿಯುತ್ತದೆ. ಬೆರಳು ತೋರಿಸಿದ ಹಾಗೆ ಹೂವಿನ ದಿಕ್ಕಿಗೇ ನೇರವಾಗಿ ಮುಖ ಮಾಡುತ್ತದೆ. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಸಂಶೋಧಕರೂ ಸೇರಿ ಇದೇ ಮೂರು ಜಾತಿಗಳನ್ನು ಹೋಲಿಸಿ ನೋಡಿದರು. ಗೂಡಿನ ಆಸುಪಾಸಿನಲ್ಲಿಯೇ ಮೇಯುವ ತುಡುವೆಯು ಅಷ್ಟೇ ದೂರವನ್ನು ತಿಳಿಸಲು, ಬಹುದೂರ ಹಾರುವ ಹೆಜ್ಜೇನಿಗಿಂತ ದೀರ್ಘವಾಗಿ ಕುಣಿಯುತ್ತದೆ. ನಮ್ಮ ಊರೂರಿನ ಕನ್ನಡಕ್ಕೆ ಭೇದಗಳಿರುವಂತೆ ಜೇನಿನ ಕುಣಿತಕ್ಕೂ ಭೇದಗಳಿವೆ ಎನ್ನಬಹುದು.

ಇನ್ನು ಇರುವೆ, ಪತಂಗಗಳ ಸಂಗತಿ. ಇವುಗಳ ಮಾತು ಬಹುಮಟ್ಟಿಗೆ ವಾಸನೆಯ ಮಾತು. ನಮ್ಮ ಮೈಸೂರು ಸೀಮೆಗೆ ಅನ್ನ ನೀಡಿದ ರೇಷ್ಮೆಹುಳುವಿನ ಹೆಣ್ಣು ಪತಂಗವು ಗಂಡನ್ನು ಕರೆಯಲು ಹೊರಸೂಸುವ ದ್ರವ್ಯವನ್ನು ಜರ್ಮನಿಯ ಅಡಾಲ್ಫ್ ಬುಟೆನಾಂಟ್ 1959ರಲ್ಲಿ ಗುರುತಿಸಿದರು. ಅದಕ್ಕಾಗಿ ಸುಮಾರು 5 ಲಕ್ಷ ಪತಂಗಗಳನ್ನು ಬಳಸಬೇಕಾಯಿತು. ಇಪ್ಪತ್ತಕ್ಕೂ ಹೆಚ್ಚು ವರ್ಷಗಳು ಹಿಡಿದವು. ಅಂತಹ ಸಂಕೇತದ್ರವ್ಯಗಳಿಗೆ ‘ಫೆರೊಮೋನ್’ ಎಂಬ ಹೆಸರು ಬಂದುದೂ ಅದೇ ವರ್ಷ. ಗೋಡೆಯ ಮೇಲೆ ಸಾಲುಗಟ್ಟುವ ಇರುವೆಗಳು ನೆಲಕ್ಕೆ ಸವರುತ್ತಾ ಹೋಗುವುದು ಇಂತಹದೇ ದ್ರವ್ಯವನ್ನು.

ಇಷ್ಟನ್ನು ತಿಳಿದ ಮೇಲೆ ಎರಡು ತಪ್ಪು ದಾರಿಗಳು ನಮ್ಮೆದುರು ತೆರೆದುಕೊಳ್ಳುತ್ತವೆ.

ಮೊದಲನೆಯದು, ಇದೆಲ್ಲ ಬರೀ ಯಂತ್ರ, ಗಡಿಯಾರದ ಮುಳ್ಳು ತಿರುಗಿದಂತೆ, ಇದರಲ್ಲಿ ನೋಡುವುದೇನೂ ಇಲ್ಲ ಎಂದು ತಳ್ಳಿಹಾಕುವುದು. ಧರ್ಮನಿಷ್ಠರು ಹೆಚ್ಚಾಗಿ ಈ ದಾರಿ ಹಿಡಿಯುತ್ತಾರೆ. ಜೇನನ್ನು ಕುಗ್ಗಿಸಿದರೆ ಮನುಷ್ಯನ ಘನತೆ ಉಳಿಯುವುದೆಂಬ ಭಾವನೆ ಅವರದು. ಎರಡನೆಯದು, ಮನುಷ್ಯನ ಮಾತೂ ಇದರದೇ ಸ್ವಲ್ಪ ದೊಡ್ಡ ಆವೃತ್ತಿ, ಹೊಟ್ಟೆಗೂ ವಂಶಕ್ಕೂ ಅನುಕೂಲವಾದ ಸಂಕೇತಗಳ ರಾಶಿ, ಅದರಾಚೆಗೆ ಆತ್ಮವೆಂಬುದೇನೂ ಇಲ್ಲ ಎನ್ನುವುದು. ಇವೆರಡೂ ಹೊಸ ವಾದಗಳಲ್ಲ. ಇರುವೆಗಳ ಅಧ್ಯಯನಕ್ಕೆ ತಮ್ಮ ಬಾಳನ್ನೇ ಮುಡಿಪಾಗಿಟ್ಟ ಯೇಸುಸಭೆಯ ಗುರು ಎರಿಕ್ ವಾಸ್ಮಾನ್ (1859–1931) ನೂರು ವರ್ಷಗಳ ಹಿಂದೆಯೇ ಎರಡೂ ಕಡೆ ಹೋರಾಡಿದರು. ಪ್ರಾಣಿಗಳಿಗೆ ಮನುಷ್ಯರ ಯೋಚನೆಗಳನ್ನೆಲ್ಲ ಆರೋಪಿಸಿ ಬರೆಯುತ್ತಿದ್ದವರನ್ನು ಅವರು ವಿರೋಧಿಸಿದರು. ಇರುವೆಯೆಂದರೆ ಬರಿಯ ಪ್ರತಿಕ್ರಿಯಾಯಂತ್ರ ಎಂದವರನ್ನೂ ವಿರೋಧಿಸಿದರು. ಇರುವೆಗಳ ಗೂಡಿನಲ್ಲಿ ಅತಿಥಿಗಳಾಗಿ ಬಾಳುವ ನೂರಾರು ಕೀಟಗಳನ್ನು ವರ್ಣಿಸಿದ ಆ ಗುರು 1907ರಲ್ಲಿ ಬರ್ಲಿನ್ ನಗರಕ್ಕೆ ಹೋಗಿ ವಿಕಾಸವಾದದ ಬಗ್ಗೆ ವಿಜ್ಞಾನಿಗಳ ಎದುರು ಬಹಿರಂಗ ಚರ್ಚೆ ನಡೆಸಿದರು. ಕಥೋಲಿಕ ಗುರುಗಳು ಸೂಕ್ಷ್ಮದರ್ಶಕಕ್ಕೆ ಅಂಜಿದವರಲ್ಲವೆಂದು ನಮ್ಮ ಯುವಕರಿಗೆ ಹೇಳಲು ಇಂತಹ ಹೆಸರುಗಳನ್ನು ನಾವು ಬಲ್ಲವರಾಗಿರಬೇಕು. ದಕ್ಷಿಣ ಭಾರತದಲ್ಲಿಯೂ ಫಾದರ್ ನ್ಯೂಟನ್ ಎಂಬವರು 1911ರಿಂದ 1917ರವರೆಗೆ ಹಳ್ಳಿಗರಿಗೆ ಜೇನುಸಾಕಣೆ ಕಲಿಸಿ, ತುಡುವೆಗೆ ಹೊಂದುವ ಪೆಟ್ಟಿಗೆಯನ್ನು ರೂಪಿಸಿದರು. ‘ನ್ಯೂಟನ್ ಪೆಟ್ಟಿಗೆ’ ಎಂಬ ಹೆಸರು ಜೇನುಗಾರರಿಗೆ ಅಪರಿಚಿತವಲ್ಲ.

ತತ್ವಶಾಸ್ತ್ರದಲ್ಲಿಯೂ ನಮ್ಮ ಹಿರಿಯರು ಈ ಪ್ರಶ್ನೆಯನ್ನು ಮುಟ್ಟದೆ ಬಿಟ್ಟಿಲ್ಲ. ಗೂಡಿಗೆ ಮರಳಿದ ನೊಣವನ್ನು ಮೂರು ನಾಲ್ಕು ನೊಣಗಳು ಹಿಂಬಾಲಿಸುತ್ತವೆ ಎಂದು ಅರಿಸ್ಟಾಟಲ್ ಆಗಲೇ ಗಮನಿಸಿದ್ದ. ದನಿಯು ಪ್ರಾಣಿಗಳಿಗೂ ಇದೆ, ಅದು ನೋವು ನಲಿವುಗಳನ್ನು ಸೂಚಿಸುತ್ತದೆ. ನ್ಯಾಯ ಅನ್ಯಾಯಗಳನ್ನು ತಿಳಿಸುವ ಮಾತು ಮಾತ್ರ ಮನುಷ್ಯನದು ಎಂದು ಅವನು ವಿಂಗಡಿಸಿದ. ಸಂತ ಅಗಸ್ಟೀನರು ಕ್ರೈಸ್ತ ಬೋಧನೆಯನ್ನು ಕುರಿತ ತಮ್ಮ ಗ್ರಂಥದಲ್ಲಿ ಸಂಕೇತಗಳನ್ನು ಎರಡಾಗಿ ವಿಭಾಗಿಸುತ್ತಾರೆ: ಹೊಗೆಯು ಬೆಂಕಿಯನ್ನು ಸೂಚಿಸುವಂತೆ ಸಹಜವಾದವು ಒಂದು, ಉದ್ದೇಶಪೂರ್ವಕವಾಗಿ ಕೊಟ್ಟವು ಇನ್ನೊಂದು. ಕಾಳು ಕಂಡ ಹುಂಜ ಹೇಂಟೆಯನ್ನು ಕರೆಯುವುದನ್ನು ಅವರು ಉದಾಹರಿಸಿ, ಇದರಲ್ಲಿ ನಿಜವಾದ ಉದ್ದೇಶವಿದೆಯೋ, ನೋವಿನ ಕೂಗಿನಂತೆ ತಾನಾಗಿ ಬರುವುದೋ ಎಂಬುದು ಬೇರೆ ಪ್ರಶ್ನೆಯೆಂದು ಬಿಟ್ಟುಬಿಡುತ್ತಾರೆ. ಆ ಎಚ್ಚರಿಕೆಯನ್ನು ಮೆಚ್ಚಬೇಕು. ಸಂತ ತೋಮಸ್ ಅಕ್ವಿನಾಸರು ಜೇನು, ಜೇಡ, ನಾಯಿಗಳ ಕೆಲಸದಲ್ಲಿ ವಿವೇಕದಂತೆ ತೋರುವ ಕ್ರಮವನ್ನು ಒಪ್ಪಿಕೊಂಡು, ಅದು ಅವುಗಳನ್ನು ರಚಿಸಿದ ದೈವೀ ಕಲೆಯ ಗುರುತು ಎನ್ನುತ್ತಾರೆ. ಅರಸೊತ್ತಿಗೆಯನ್ನು ಕುರಿತು ಬರೆಯುವಾಗ ಕೊಕ್ಕರೆ, ಇರುವೆ, ಜೇನುಗಳನ್ನು ಹೆಸರಿಸಿ, ಗುಂಪಾಗಿ ಬಾಳುವ ಇವೆಲ್ಲಕ್ಕಿಂತಲೂ ಮನುಷ್ಯನೇ ಹೆಚ್ಚು ಸಂವಹನಶೀಲನೆಂದು ಹೇಳುತ್ತಾರೆ. ‘ಹೆಚ್ಚು’ ಎಂಬ ಅವರ ಪದವನ್ನು ಗಮನಿಸಿರಿ. ಉಳಿದವುಗಳಲ್ಲಿ ಸಂವಹನವೇ ಇಲ್ಲವೆಂದು ಅವರು ಹೇಳಲಿಲ್ಲ.

ಹಾಗಾದರೆ ಭೇದ ಎಲ್ಲಿದೆ? ಕಣ್ಣೆದುರು ಇಲ್ಲದುದರ ಬಗ್ಗೆ ಮನುಷ್ಯ ಮಾತ್ರ ಹೇಳಬಲ್ಲ ಎಂಬ ಉತ್ತರವೊಂದು ಹಿಂದೆ ಪ್ರಚಲಿತವಾಗಿತ್ತು. ಅದು ಈಗ ನಿಲ್ಲದು. ಮೂರು ಕಿಲೋಮೀಟರ್ ಆಚೆಯ ಹೂವಿನ ಬಗ್ಗೆ ನೊಣವು ಕತ್ತಲೆಯ ಗೂಡಿನಲ್ಲಿ ತಿಳಿಸುತ್ತದೆ. ಪ್ರಾಣಿಗಳದು ಹುಟ್ಟಿನಿಂದ ಬಂದದ್ದು, ನಮ್ಮದು ಕಲಿತದ್ದು ಎಂಬ ಉತ್ತರವೂ ಸಂಪೂರ್ಣ ಸರಿಯಲ್ಲ. ಅನುಭವಿ ನೊಣಗಳ ಕುಣಿತವನ್ನು ನೋಡುವ ಅವಕಾಶವಿಲ್ಲದೆ ಬೆಳೆದ ಎಳೆಯ ನೊಣಗಳು ತಪ್ಪುತಪ್ಪಾಗಿ ಕುಣಿಯುತ್ತವೆ, ದೂರವನ್ನು ಸೂಚಿಸುವ ರೀತಿಯಂತೂ ಅವುಗಳಲ್ಲಿ ಕಡೆಯವರೆಗೂ ಸರಿಯಾಗುವುದಿಲ್ಲ ಎಂದು 2023ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ದುರ್ಬಲವಾದ ಉತ್ತರಗಳ ಮೇಲೆ ವಿಶ್ವಾಸವನ್ನು ಕಟ್ಟಬಾರದು. ಅವು ಕುಸಿದಾಗ ವಿಶ್ವಾಸವೇ ಕುಸಿಯಿತೆಂದು ಮಕ್ಕಳು ತಿಳಿಯುತ್ತಾರೆ.

ಎರಡು ಉದಾಹರಣೆಗಳನ್ನು ವಿಚಾರಿಸೋಣ. ಸತ್ತ ಇರುವೆಯ ದೇಹದಿಂದ ಒಲೀಯಿಕ್ ಆಮ್ಲವೆಂಬ ದ್ರವ್ಯ ಹೊರಡುತ್ತದೆ. ಆ ವಾಸನೆ ಹಿಡಿದು ಉಳಿದ ಇರುವೆಗಳು ಅದನ್ನು ಹೊತ್ತು ಕಸದ ಗುಡ್ಡೆಗೆ ಹಾಕುತ್ತವೆ. ಅಮೆರಿಕದ ವಿಜ್ಞಾನಿ ಎಡ್ವರ್ಡ್ ವಿಲ್ಸನ್ 1950ರ ದಶಕದಲ್ಲಿ ಈ ದ್ರವ್ಯವನ್ನು ಜೀವಂತ ಇರುವೆಯ ಮೇಲೆ ಹಚ್ಚಿದರು. ಅದು ಕಾಲಾಡಿಸುತ್ತಿದ್ದರೂ ಅದರ ಸಂಗಾತಿಗಳು ಅದನ್ನು ಎತ್ತಿಕೊಂಡು ಹೋಗಿ ಕಸದಲ್ಲಿ ಹಾಕಿದವು. ಮೈಯನ್ನು ಶುಚಿ ಮಾಡಿಕೊಳ್ಳುವವರೆಗೆ ಅದು ಗೂಡಿಗೆ ಮರಳಿದಾಗಲೆಲ್ಲ ಹೀಗೆಯೇ ನಡೆಯಿತು. ‘ನಾನು ಸತ್ತಿಲ್ಲ’ ಎಂದು ಹೇಳಲು ಅದಕ್ಕೆ ಸಾಧನವಿಲ್ಲ. ಸಂಕೇತವೊಂದಿದೆ, ಆ ಸಂಕೇತ ಸತ್ಯವೋ ಅಲ್ಲವೋ ಎಂದು ವಿಚಾರಿಸುವ ಇನ್ನೊಂದು ಸಂಕೇತ ಅಲ್ಲಿಲ್ಲ.

ಎರಡನೆಯದು ಮಿಂಚುಹುಳ. ಅಮೆರಿಕದ ಒಂದು ಜಾತಿಯ ಹೆಣ್ಣು ಮಿಂಚುಹುಳವು ಬೇರೆ ಜಾತಿಯ ಹೆಣ್ಣಿನ ಮಿನುಗನ್ನು ಅನುಕರಿಸಿ, ಆಸೆಯಿಂದ ಬಂದ ಗಂಡನ್ನು ಹಿಡಿದು ತಿನ್ನುತ್ತದೆ ಎಂದು ಜೇಮ್ಸ್ ಲಾಯ್ಡ್ 1965ರಲ್ಲಿ ವರದಿ ಮಾಡಿದರು. ಇದು ಮೋಸವೇ? ಫಲದಲ್ಲಿ ಮೋಸ. ಪಾಪವೇ? ಅಲ್ಲ. ಆ ಹುಳವು ಸತ್ಯವನ್ನು ಅರಿತು ಅದನ್ನು ಮರೆಮಾಚಲಿಲ್ಲ. ಸುಳ್ಳು ಹೇಳಬೇಕಾದರೆ ಸತ್ಯವನ್ನು ಸತ್ಯವೆಂದು ಬಲ್ಲವನಾಗಿರಬೇಕು. ಸತ್ಯ ಹೇಳುವೆನೆಂದು ಎದುರಿನವನಿಗೆ ಋಣಿಯಾಗಿರಬೇಕು. ಸುಳ್ಳು ಹೇಳಬಲ್ಲವನು ಮನುಷ್ಯ. ಆದುದರಿಂದಲೇ ನಿಜ ಹೇಳಿ ಮೆಚ್ಚುಗೆ ಪಡೆಯಬಲ್ಲವನೂ ಅವನೇ.

ಇಲ್ಲಿ ನಮಗೆ ಭೇದದ ಸುಳಿವು ಸಿಗುತ್ತದೆ. ಕುಣಿತವು ಹೂವು ಎಲ್ಲಿದೆಯೆಂದು ತಿಳಿಸುತ್ತದೆ. ನಾಳೆ ನಿನ್ನೊಡನೆ ಬರುವೆನೆಂದು ವಚನ ಕೊಡುವುದಿಲ್ಲ. ನಿನ್ನೆ ದಾರಿ ತಪ್ಪಿಸಿದೆ, ಕ್ಷಮಿಸು ಎಂದು ಬೇಡುವುದಿಲ್ಲ. ಹೂವು ಇರುವುದಾದರೂ ಏಕೆ ಎಂದು ಕೇಳುವುದಿಲ್ಲ. ವಿವಾಹ ಸಂಸ್ಕಾರದಲ್ಲಿ ಇಬ್ಬರು ಸುಖದಲ್ಲೂ ದುಃಖದಲ್ಲೂ ಎಂದು ಕೊಡುವ ಮಾತು ಯಾವ ಸ್ಥಳವನ್ನೂ ಸೂಚಿಸುವುದಿಲ್ಲ, ಯಾವ ಮಾಹಿತಿಯನ್ನೂ ಒದಗಿಸುವುದಿಲ್ಲ. ಆದರೂ ಎರಡು ಬಾಳುಗಳು ಆ ಒಂದು ಮಾತಿನ ಮೇಲೆ ನಿಲ್ಲುತ್ತವೆ. ಪಾಪನಿವೇದನೆಯ ಪೀಠದ ಮುಂದೆ ಮೊಣಕಾಲೂರಿದವನು ದೇವರಿಗೆ ತಿಳಿಯದ ಹೊಸ ಸುದ್ದಿಯನ್ನೇನೂ ಹೇಳುವುದಿಲ್ಲ, ತನ್ನನ್ನೇ ಒಪ್ಪಿಸಿಕೊಳ್ಳುತ್ತಾನೆ. ಮನುಷ್ಯನ ಮಾತಿನ ತಿರುಳು ಮಾಹಿತಿಯ ಮೊತ್ತದಲ್ಲಿಲ್ಲ. ಒಬ್ಬನು ಇನ್ನೊಬ್ಬನಿಗೆ ಸ್ವತಂತ್ರವಾಗಿ ತನ್ನನ್ನು ಕೊಡುವುದರಲ್ಲಿದೆ.

ಚುರುಕಾದ ವಿದ್ಯಾರ್ಥಿಯೊಬ್ಬ ಇಲ್ಲಿ ತಡೆದು ಕೇಳಬಹುದು: “ನಾಳೆ ಯಾವನೋ ವಿಜ್ಞಾನಿ ಜೇನಿನಲ್ಲಿಯೂ ಇಂತಹದೊಂದನ್ನು ಕಂಡುಹಿಡಿದರೆ? ಆಗಲೂ ನೀವು ಇನ್ನೊಂದು ಹೆಜ್ಜೆ ಹಿಂದೆ ಸರಿಯುವಿರೇನು?” ಇದು ನ್ಯಾಯವಾದ ಆಕ್ಷೇಪ. ಜೇನಿಗೆ ಏನು ಬಾರದು ಎಂಬುದರ ಮೇಲೆ ಮನುಷ್ಯನ ಘನತೆಯನ್ನು ನಿಲ್ಲಿಸಿದರೆ ಪ್ರತಿಯೊಂದು ಹೊಸ ಸಂಶೋಧನೆಯೂ ನಮಗೆ ಗಂಡಾಂತರವೇ. ಆದರೆ ಧರ್ಮಸಭೆಯು ಅದನ್ನು ಅಲ್ಲಿ ನಿಲ್ಲಿಸಿಲ್ಲ. ಆದಿಕಾಂಡದಲ್ಲಿ ದೇವರು ಪ್ರಾಣಿಗಳನ್ನೆಲ್ಲ ಆದಾಮನ ಬಳಿಗೆ ತಂದು ಹೆಸರಿಡುವ ಕೆಲಸವನ್ನು ಅವನಿಗೆ ಒಪ್ಪಿಸುತ್ತಾರೆ. ಮುಂದೆ ಅವನು ಪಾಪಮಾಡಿ ಮರಗಳ ನಡುವೆ ಅಡಗಿದಾಗ, ಎಲ್ಲಿರುವೆ ಎಂದು ಅವನನ್ನು ಕರೆದು ಕೇಳುತ್ತಾರೆ. ದೇವರು ಪ್ರಶ್ನೆ ಕೇಳಿ ಉತ್ತರಕ್ಕಾಗಿ ಕಾಯುವ ಜೀವಿ ಮನುಷ್ಯ. ನಜರೇತಿನಲ್ಲಿ ದೇವದೂತ ಗಬ್ರಿಯೇಲನು ಒಂದು ಹೆಣ್ಣುಮಗಳ ಒಪ್ಪಿಗೆಗಾಗಿ ಕಾದುದೂ ಇದೇ ಕ್ರಮದಲ್ಲಿ. ನಮ್ಮ ಆತ್ಮದ ಘನತೆ ಆ ಕರೆಯಿಂದ ಬಂದದ್ದು. ಜಗದ್ಗುರು ಎರಡನೆಯ ಜಾನ್ ಪಾಲರು 1996ರಲ್ಲಿ ವಿಜ್ಞಾನ ಅಕಾಡೆಮಿಗೆ ಕಳುಹಿಸಿದ ಸಂದೇಶದಲ್ಲಿ ವಿಕಾಸವಾದವು ಬರಿಯ ಊಹೆಗಿಂತ ಮಿಗಿಲಾದದ್ದೆಂದು ಒಪ್ಪಿದರು. ಜೊತೆಗೆ, ಮನುಷ್ಯನ ವಿಷಯದಲ್ಲಿ ಅಸ್ತಿತ್ವದ ಸ್ತರದಲ್ಲಿಯೇ ಒಂದು ಜಿಗಿತವಿದೆ, ಅದು ಪ್ರಯೋಗಶಾಲೆಯ ಅಳತೆಗೆ ಸಿಗುವಂಥದಲ್ಲ ಎಂದರು. ಆದುದರಿಂದ ಜೇನು ಎಷ್ಟು ಜಾಣವೆಂದು ತಿಳಿದುಬಂದರೂ ನಮಗೆ ನಷ್ಟವಿಲ್ಲ. ಸೃಷ್ಟಿಕರ್ತರ ಕೈಚಳಕ ಅಷ್ಟು ಹೆಚ್ಚು ತಿಳಿದಂತಾಯಿತು.

ಇದರೊಂದಿಗೆ ಬೋಧಕರಾದ ನಾವು ಒಂದು ಎಚ್ಚರಿಕೆಯನ್ನು ವಹಿಸಬೇಕಾಗಿದೆ. ಜೇನುಗೂಡನ್ನು ತೋರಿಸಿ ವಿಧೇಯತೆಯ ಪ್ರಸಂಗ ಮಾಡುವುದು ಹಳೆಯ ರೂಢಿ. ಜೇನುಗಾರರ ಪಾಲಕರೆಂದು ಗೌರವಿಸಲ್ಪಡುವ, ಡಿಸೆಂಬರ್ 7ರಂದು ನಾವು ಸ್ಮರಿಸುವ ಮಿಲಾನಿನ ಧರ್ಮಾಧ್ಯಕ್ಷ ಸಂತ ಅಂಬ್ರೋಸರು ಕೂಡ ಸೃಷ್ಟಿಯ ಆರು ದಿನಗಳನ್ನು ಕುರಿತ ಪ್ರಸಂಗಗಳಲ್ಲಿ ಜೇನುಗಳ ‘ಅರಸ’ನನ್ನು ಹೊಗಳಿದ್ದಾರೆ. ಆ ಕಾಲಕ್ಕೆ ಎಲ್ಲರೂ ಅದನ್ನು ಅರಸನೆಂದೇ ನಂಬಿದ್ದರು. 17ನೆಯ ಶತಮಾನದಲ್ಲಿ ಹಾಲೆಂಡಿನ ಯಾನ್ ಸ್ವಾಮರ್‌ಡಾಮ್ ಅದರ ಒಡಲನ್ನು ಸೀಳಿ ಅಂಡಾಶಯವನ್ನು ತೋರಿಸಿದ ಮೇಲೆ ಅದು ರಾಣಿಯೆಂದು ಸ್ಥಿರಪಟ್ಟಿತು. ರಾಣಿಯೂ ಆಳುವವಳಲ್ಲವೆಂದು ಈಗ ತಿಳಿದಿದೆ. ಕುಟುಂಬ ಪಾಲಾಗಿ ಹೊರಬಿದ್ದಾಗ ಹೊಸ ನೆಲೆಯನ್ನು ಆರಿಸುವವಳು ರಾಣಿಯಲ್ಲ. ಲಿಂಡಾವರ್ ಕಂಡಂತೆ, ಮಸಿ ಮೆತ್ತಿಕೊಂಡು, ಇಟ್ಟಿಗೆಯ ಧೂಳು ಮೆತ್ತಿಕೊಂಡು ಬಂದ ಶೋಧಕ ನೊಣಗಳು ತಾವು ಕಂಡ ಪೊಟರೆಗಳ ಪರವಾಗಿ ಕುಣಿಯುತ್ತವೆ. ಉಳಿದವು ಹೋಗಿ ಸ್ವತಃ ನೋಡಿಬಂದು ಒಪ್ಪಿದರೆ ಕುಣಿಯುತ್ತವೆ, ಇಲ್ಲವಾದರೆ ಇಲ್ಲ. ಕಡೆಗೆ ಒಂದು ಸ್ಥಳಕ್ಕೆ ಸಾಕಷ್ಟು ಬೆಂಬಲ ಕೂಡಿದಾಗ ಇಡೀ ಕುಟುಂಬ ಏಳುತ್ತದೆ. ಅರಸರ ಕಾಲದವರು ಗೂಡಿನಲ್ಲಿ ಅರಸೊತ್ತಿಗೆ ಕಂಡರು, ನಾವು ಪ್ರಜಾಪ್ರಭುತ್ವ ಕಾಣುತ್ತೇವೆ. ಗೂಡು ಮಾತ್ರ ತನ್ನ ಪಾಡಿಗೆ ತಾನಿದೆ. ಪ್ರಕೃತಿಯಿಂದ ಉಪಮೆ ತೆಗೆದುಕೊಳ್ಳಬಹುದು, ಕಟ್ಟಳೆ ತೆಗೆದುಕೊಳ್ಳಬಾರದು. ವಿಶ್ವಾಸಿಗಳು ಕೆಲಸಗಾರ ನೊಣಗಳಲ್ಲ. ಅವರ ವಿಧೇಯತೆಗೆ ಬೆಲೆ ಬರುವುದು ಅವರು ಒಲ್ಲೆನೆನ್ನಲೂ ಶಕ್ತರಾಗಿರುವುದರಿಂದ.

ಉಪಮೆಯೆಂದೇ ತಿಳಿದು ಒಂದು ಸಂಗತಿಯನ್ನು ಮಾತ್ರ ನಮ್ಮ ಕುಟುಂಬಗಳ ಮುಂದಿಡುತ್ತೇವೆ. ತಾನು ಹೋಗಿ ಬಂದ ಹೂವಿನ ಕುರಿತೇ ನೊಣವು ಕುಣಿಯುತ್ತದೆ. ಕಾಲಿಗಂಟಿದ ಪರಾಗ, ಮೈಗಂಟಿದ ಪರಿಮಳಗಳು ಅದರ ಸಾಕ್ಷ್ಯ. ನಾವಾದರೋ ಎಂದೂ ಕಾಲಿಡದ ಅಂಗಳದ ಸುದ್ದಿಯನ್ನು ಎಷ್ಟು ಸಲೀಸಾಗಿ ಸಾರುತ್ತೇವೆ! ಯಾರದೋ ಮಗಳ ನಡತೆಯ ಬಗ್ಗೆ, ಯಾರದೋ ಮನೆಯ ಪಾಲುಪಟ್ಟಿಯ ಬಗ್ಗೆ, ನೆರೆಯ ಧರ್ಮದವರ ಬಗ್ಗೆ ಮೊಬೈಲಿಗೆ ಬಂದ ಸಂದೇಶವನ್ನು ಓದಿ ಮುಗಿಸುವ ಮೊದಲೇ ಹತ್ತು ಗುಂಪುಗಳಿಗೆ ದಾಟಿಸುತ್ತೇವೆ. ಆಡಿದ ಪ್ರತಿಯೊಂದು ವ್ಯರ್ಥ ಮಾತಿಗೂ ಲೆಕ್ಕ ಕೊಡಬೇಕಾಗುವುದೆಂದು ಪ್ರಭು ಯೇಸು ಎಚ್ಚರಿಸಿದ್ದು ಮಾತಾಡಬಲ್ಲ ನಮ್ಮನ್ನೇ. ಸಂತ ಯಕೋಬರು ನಾಲಿಗೆಯನ್ನು ಕಾಡನ್ನೇ ಸುಡುವ ಕಿಡಿಗೆ ಹೋಲಿಸಿದ್ದನ್ನು ನಾವು ವರ್ಷವರ್ಷವೂ ಓದಿ ಕೇಳುತ್ತೇವೆ. ಕೀಟಕ್ಕಿಂತ ಹೆಚ್ಚಿನ ವರವನ್ನು ಪಡೆದವರು ಅದನ್ನು ಕೀಟಕ್ಕಿಂತ ಕೀಳಾಗಿ ಬಳಸಿದರೆ ಆ ವರದ ಹೆಮ್ಮೆಯೇಕೆ?

ಇನ್ನೊಂದು ಬಗೆಯ ಪಾಪವೂ ಇದೆ, ಮಾತನ್ನು ತಡೆಹಿಡಿಯುವ ಪಾಪ. ಒಂದೇ ಸೂರಿನಡಿಯಲ್ಲಿ ಅಣ್ಣತಮ್ಮಂದಿರು ಹತ್ತು ವರ್ಷ ಮಾತು ಬಿಟ್ಟ ಮನೆಗಳನ್ನು ವಿಚಾರಣಾ ಗುರುಗಳೆಲ್ಲ ಬಲ್ಲರು. ಊಟದ ಮೇಜಿನ ಸುತ್ತ ನಾಲ್ವರು ಕುಳಿತು ನಾಲ್ಕು ಪರದೆಗಳನ್ನು ನೋಡುವ ಮನೆಗಳನ್ನು ಈಗ ಎಲ್ಲರೂ ಬಲ್ಲರು. ಮುದಿ ತಾಯಿಗೆ ಔಷಧಿಯ ಹಣ ತಪ್ಪದೆ ತಲುಪುತ್ತದೆ, ಎರಡು ಮಾತು ತಲುಪುವುದಿಲ್ಲ. ಕ್ಷಮಿಸು ಎಂಬ ಒಂದು ಪದವನ್ನು ಯಾವ ಕುಣಿತದಿಂದಲೂ ಯಾವ ವಾಸನೆಯಿಂದಲೂ ತಿಳಿಸಲಾಗದು. ಅದನ್ನು ಬಾಯಿಬಿಟ್ಟೇ ಹೇಳಬೇಕು.

ಕೊನೆಯದಾಗಿ, ಈ ಪುಟ್ಟ ಜೀವಿಗಳ ಮಾತನ್ನು ಕಡಿಯುವ ಪಾಪದ ಬಗ್ಗೆಯೂ ಹೇಳದೆ ಮುಗಿಸಲಾಗದು. ಇಮಿಡಾಕ್ಲೋಪ್ರಿಡ್ ಎಂಬ ಕೀಟನಾಶಕವನ್ನು ಅತ್ಯಲ್ಪ ಪ್ರಮಾಣದಲ್ಲಿ ಸೇವಿಸಿದ ಜೇನುಗಳ ಕುಣಿತವೇ ಕಡಿಮೆಯಾಗುತ್ತದೆಂದು 2012ರಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿತು. ಅದೇ ವರ್ಗದ ಇನ್ನೊಂದು ವಿಷವು ನೊಣಗಳಿಗೆ ಗೂಡಿನ ದಾರಿಯನ್ನೇ ತಪ್ಪಿಸುವುದೆಂದು ಅದೇ ವರ್ಷ ಫ್ರಾನ್ಸಿನ ಸಂಶೋಧಕರು ವರದಿ ಮಾಡಿದರು. ಯುರೋಪಿನ ಒಕ್ಕೂಟವು 2018ರಲ್ಲಿ ಈ ವರ್ಗದ ಮೂರು ವಿಷಗಳನ್ನು ಬಯಲಿನಲ್ಲಿ ಬಳಸುವುದನ್ನು ನಿಷೇಧಿಸಿತು. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದು ಕಾಸರಗೋಡು, ದಕ್ಷಿಣ ಕನ್ನಡಗಳ ಹಳ್ಳಿಗಳು ಏನನ್ನು ಅನುಭವಿಸಿದವೆಂದು ನಮ್ಮ ಜನರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ಅದನ್ನು ತಡೆಯುವ ಹೊತ್ತಿಗೆ ಎಷ್ಟೋ ಮಕ್ಕಳ ಬಾಳು ಹಾಳಾಗಿತ್ತು. ಜಗದ್ಗುರು ಫ್ರಾನ್ಸಿಸರು 2015ರ ತಮ್ಮ ‘ಲೌದಾತೊ ಸೀ’ ಎಂಬ ವಿಶ್ವಪತ್ರದಲ್ಲಿ ಕೃಷಿವಿಷಗಳಿಂದ ಇಲ್ಲವಾಗುವ ಹಕ್ಕಿ ಕೀಟಗಳನ್ನು ಹೆಸರಿಸಿ ನೆನೆದಿದ್ದಾರೆ. ನಮ್ಮ ಕಾರಣದಿಂದ ಅಳಿದುಹೋದ ಜೀವಜಾತಿಗಳು ತಮ್ಮ ಇರುವಿಕೆಯಿಂದಲೇ ದೇವರಿಗೆ ಸಲ್ಲಿಸುತ್ತಿದ್ದ ಮಹಿಮೆಯು ನಿಂತುಹೋಗುತ್ತದೆ, ಹಾಗೆ ನಿಲ್ಲಿಸುವ ಹಕ್ಕು ನಮಗಿಲ್ಲ ಎಂಬುದು ಅವರ ಬೋಧನೆ.

ನಮ್ಮ ಕೈಲಾಗುವ ಕೆಲಸಗಳು ದೊಡ್ಡವೇನಲ್ಲ. ತೋಟ ಹೂಬಿಟ್ಟ ದಿನಗಳಲ್ಲಿ ಔಷಧಿ ಸಿಂಪಡಿಸದಿರುವುದು; ಸಿಂಪಡಿಸಲೇಬೇಕಾದರೆ ನೊಣಗಳು ಮೇವಿನಿಂದ ಮರಳಿದ ಸಂಜೆಯ ಮೇಲೆ ಸಿಂಪಡಿಸುವುದು. ದೇವಾಲಯದ ಗೋಪುರದಲ್ಲಿ ಹೆಜ್ಜೇನು ಎರಿ ಕಟ್ಟಿದರೆ ದೊಂದಿ ಹಿಡಿದು ಸುಡಿಸುವ ಮುನ್ನ ಯೋಚಿಸುವುದು. ಅವು ಋತು ಕಳೆದ ಮೇಲೆ ತಾವಾಗಿಯೇ ಎದ್ದುಹೋಗುವ ವಲಸೆಗಾರರು, ಜನಸಂಚಾರಕ್ಕೆ ನಿಜವಾದ ಅಪಾಯವಿದ್ದರೆ ಬಲ್ಲವರನ್ನು ಕರೆಸಿ ಸಾಗಿಸಬಹುದು. ಸಮಾಧಿಭೂಮಿಯ ಅಂಚಿನಲ್ಲಿ, ಶಾಲೆಯ ಆವರಣದಲ್ಲಿ ಕಾಂಕ್ರೀಟು ಹಾಸುವ ಬದಲು ನಾಲ್ಕು ಹೂಗಿಡ, ಒಂದು ಹೊಂಗೆ, ಒಂದು ನೇರಳೆ ನೆಡುವುದು. ಧರ್ಮಕೇಂದ್ರದ ಯುವಸಂಘವು ಒಂದೆರಡು ತುಡುವೆ ಪೆಟ್ಟಿಗೆಗಳನ್ನು ಇಟ್ಟುಕೊಂಡರೆ ಜೇನಿಗಿಂತ ಹೆಚ್ಚಿನ ಲಾಭ ಅವರಿಗೆ ದೊರೆಯುವುದು. ಪ್ರಾಣಿಶಾಸ್ತ್ರ ಓದುವ ಆ ಮಗನಿಗೋ ಮಗಳಿಗೋ ಆ ಹೊಣೆಯನ್ನು ಒಪ್ಪಿಸಿರಿ. ಅವರ ಪ್ರಶ್ನೆಗಳಿಗೆ ಧರ್ಮಸಭೆಯಲ್ಲಿ ಸ್ಥಳವಿದೆಯೆಂಬುದಕ್ಕೆ ಅದಕ್ಕಿಂತ ಒಳ್ಳೆಯ ಪುರಾವೆ ಬೇಕಾಗಿಲ್ಲ.

ಪಾಸ್ಖ ಜಾಗರಣೆಯ ರಾತ್ರಿ ದೀಪಗಳೆಲ್ಲ ಆರಿದ ದೇವಾಲಯದೊಳಗೆ ಹೊಸ ಬತ್ತಿಯನ್ನು ತಂದು ನಿಲ್ಲಿಸಿ ಪುನರುತ್ಥಾನದ ಮಹಾಘೋಷಣೆಯನ್ನು ಹಾಡುವಾಗ, ಮೇಣವನ್ನು ಒದಗಿಸಿದ ಜೇನುಗಳ ದುಡಿಮೆಯನ್ನು ಧರ್ಮಸಭೆ ಹೆಸರಿಸಿ ಸ್ಮರಿಸುತ್ತದೆ. ಆ ನೊಣಗಳಿಗೆ ಅದು ತಿಳಿಯದು. ಅವು ಹೇಳಲಾರದ ಕೃತಜ್ಞತೆಯನ್ನು ಅವುಗಳ ಪರವಾಗಿಯೂ ಹೇಳುವ ಕೆಲಸ ನಮಗೆ ಬಂದಿದೆ. ಆದಿಯಲ್ಲಿದ್ದ ವಾಕ್ಯವೇ ನರನಾಗಿ ನಮ್ಮ ನಡುವೆ ಬಂದು, ನಮ್ಮದೇ ನುಡಿಯಲ್ಲಿ ಮಾತನಾಡಿ, ನಮ್ಮ ನಾಲಿಗೆಯನ್ನು ಆ ಕೆಲಸಕ್ಕೆ ಯೋಗ್ಯವಾಗಿಸಿತೆಂದು ನಂಬುವವರು ನಾವು. ಇಂದು ಸಂಜೆ ಜಪಸರದ ತರುವಾಯ ಮಕ್ಕಳು ಏನನ್ನಾದರೂ ಕೇಳಿದರೆ ಸಾವಧಾನದಿಂದ ಕೇಳಿಸಿಕೊಳ್ಳಿರಿ, ತಿಳಿದಷ್ಟನ್ನು ಹೇಳಿರಿ, ತಿಳಿಯದಿದ್ದರೆ ಅವರೊಂದಿಗೆ ಕೂಡಿ ಹುಡುಕಿರಿ.